ವಿನಾಯಿತಿ ಕೊಡದ ಮನುಷ್ಯ

ಕುರ್ಚಿ ಕಂಡ ಕೂಡಲೇ ಕೂರುವ ಜಾಯಮಾನ ಅವರದಲ್ಲ. ಮೊದಲು ಅದರ ಬೆನ್ನು ಹಿಡಿದು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಅಲ್ಲಾಡಿಸುತ್ತಿದ್ದರು. ಒಂದು ಕಾಲು ಗಿಡ್ಡವಿದ್ದರೆ ಮುಗಿಯಿತು, ನಿಂತೇ ಇರುತ್ತಿದ್ದರು. ಕೊಚ್ಚಿಯ ಕಲೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಂದು ಸಲ ಮೂರು ಕುರ್ಚಿ ಬದಲಾಯಿಸಿ ನಾಲ್ಕನೆಯದರಲ್ಲಿ ಕೂತವರು, ಬಂದ ಮಸಾಲೆ ದೋಸೆಯನ್ನು ಎತ್ತಿ ಅದರ ತಳ ನೋಡಿದರು. "ಒಂದ್ ಕಡೆ ಸೀದಿದೆ, ಇನ್ನೊಂದ್ ಕಡೆ ಬೆಂದೇ ಇಲ್ಲ. ಇದನ್ನ ಯಾರಪ್ಪಾ ಪಾಸ್ ಮಾಡಿದ್ದು?" ಎಂದು ಸಪ್ಲೈಯರನ್ನು ಕನ್ನಡದಲ್ಲೇ ಕೇಳಿದರು. ಅವನು ಬಂಗಾಳದ ಕಡೆಯ ಹುಡುಗ, ಪಾಪ, ನನ್ನ ಮುಖ ನೋಡಿದ. ನಾನಾದರೂ ಎಂತ ಹೇಳುವುದು? ಇವರ ಎದುರು ಕೂತು ತಿಂಡಿ ತಿನ್ನುವುದೇ ಒಂದು ಶಿಕ್ಷೆಯಾಗಿತ್ತು ಮಾರಾಯರೇ.

ಅವರು ಹೋದ ತಿಂಗಳು ತೀರಿಕೊಂಡರು. ಇಲ್ಲಿ ಕೊಚ್ಚಿಯಲ್ಲಿರುವ ನಮ್ಮಂಥ ಒಂದಷ್ಟು ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲು ಬೆಳಗಿನಿಂದ ಸಂಜೆಯವರೆಗೆ ನಿಲ್ಲಲಿಲ್ಲ. ನಿಷ್ಠಾವಂತರು, ನೇರ ನಡೆನುಡಿಯವರು, ಎಂದೂ ರಾಜಿಯಾಗದವರು. ಆಮೇಲೆ ಒಬ್ಬರು ಫೋನ್ ಮಾಡಿ, "ನೀವು ಅವರ ಕೈಕೆಳಗೆ ಎಲ್ಲರಿಗಿಂತ ಹೆಚ್ಚು ಕಾಲ ಇದ್ದವರು, ಸ್ಮರಣೆಯ ಪುಸ್ತಕಕ್ಕೆ ಎರಡು ಪುಟ ಬರೆದುಕೊಡಿ" ಎಂದರು. ಬರೆದೆ. ಓದಿ ನೋಡಿದರೆ ನನಗೇ ಹೇಸಿಗೆಯಾಯಿತು. ಆ ಎರಡು ಪುಟಗಳಲ್ಲಿ ತಂಗಮ್ಮ ಚೇಚಿ ಎಲ್ಲಿಯೂ ಇರಲಿಲ್ಲ. ಒಬ್ಬ ಹೆಂಗಸು ಇಡೀ ಜನ್ಮದ ದುಡಿಮೆಯಿಂದ ಗಳಿಸಿದ ಒಳ್ಳೆಯ ಹೆಸರನ್ನು ಮೂರು ಹಾಳೆಯ ವರದಿಯಲ್ಲಿ ಹಾಳು ಮಾಡಿ, ಅದನ್ನು ಸರಿಮಾಡದೆಯೇ ಕಣ್ಣು ಮುಚ್ಚಿದವರು ಇವರು. ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ.

ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ ಅವರು ಗುಣಮಟ್ಟ ಪರಿಶೀಲನೆಯ ಅಧಿಕಾರಿ, ನಾನು ಅವರ ಟೆಕ್ನಿಶಿಯನ್. ರಾಕೆಟ್ಟಿಗೆ ಹೋಗುವ ಚಿಕ್ಕಪುಟ್ಟ ಭಾಗಗಳು, ಅಂದರೆ ವಾಷರು, ಬೋಲ್ಟು, ಬೆರಳುದ್ದದ ಕೊಳವೆ, ಎಲ್ಲ ನಮ್ಮ ಮೇಜನ್ನು ದಾಟಿಯೇ ಮುಂದೆ ಹೋಗಬೇಕು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕೆಂಪು ಚೀಟಿ. ಹಾಗೆ ತಪ್ಪಿದ್ದನ್ನೂ 'ಪರವಾಗಿಲ್ಲ, ನಡೆಯುತ್ತದೆ' ಎಂದು ಸಹಿ ಮಾಡಿ ಒಳಗೆ ಬಿಡುವ ಒಂದು ಕ್ರಮ ಉಂಟು. ಅದಕ್ಕೆ ವೇವರ್ ಎನ್ನುತ್ತಾರೆ, ವಿನಾಯಿತಿ. ಬೇರೆ ವಿಭಾಗಗಳಲ್ಲಿ ಅದು ವಾರಕ್ಕೆ ಒಂದಾದರೂ ಆಗುತ್ತಿತ್ತು. ನಮ್ಮಲ್ಲಿ ಇಲ್ಲ. ವಿನಾಯಿತಿ ಕೊಡದ ಮನುಷ್ಯ ಎಂದೇ ಅವರಿಗೆ ಹೆಸರು.

ಒಂದು ವಾಷರಿನ ಮೇಲೆ ಉಗುರಿನ ಗೀರಿನಷ್ಟು ಗುರುತಿತ್ತು ಎಂದು ಅವರು ತಡೆದಾಗ, ದೊಡ್ಡ ಅಧಿಕಾರಿಗಳೇ ಮಹಡಿಯಿಂದ ಇಳಿದು ನಮ್ಮ ಕೋಣೆಗೆ ಬಂದರು. ಇವರು ಎದ್ದು ನಿಂತರು, ಒಂದು ಸ್ಟೂಲ್ ಎಳೆದರು, ಅದರ ಕಾಲು ಅಲ್ಲಾಡಿಸಿ ನೋಡಿ ಅಧಿಕಾರಿಗಳ ಮುಂದೆ ಇಟ್ಟರು. ಆಮೇಲೆ, "ಸರ್, ನೀವು ಸಹಿ ಹಾಕಿ ಕಳಿಸಿ. ನೋಡಿದ್ದೇನೆ ಅಂತ ನಿಮ್ಮ ಕೆಳಗೆ ನಾನೂ ಹಾಕ್ತೀನಿ. ಒಪ್ಪಿದ್ದೇನೆ ಅಂತ ಮಾತ್ರ ಹಾಕಲ್ಲ" ಎಂದರು. ಅಧಿಕಾರಿಗಳು ಸ್ವಲ್ಪ ಹೊತ್ತು ವಾಷರ್ ನೋಡಿದರು, ಸ್ವಲ್ಪ ಹೊತ್ತು ಇವರನ್ನು ನೋಡಿದರು, ಬಂದ ದಾರಿಯಲ್ಲೇ ವಾಪಸು ಹೋದರು. ಬೇರೆ ವಾಷರ್ ಬಂತು. ಆವತ್ತು ಕ್ಯಾಂಟೀನಿನಲ್ಲಿ ನಾನು ಎದೆ ಉಬ್ಬಿಸಿಕೊಂಡು ತಿರುಗಾಡಿದ್ದು ಸುಳ್ಳಲ್ಲ.

ಅವರು ತಿಪಟೂರಿನ ಕಡೆಯವರು. ನಾನು ಕಾಸರಗೋಡಿನವನು. ನಾನು 'ಎಂತ ಸರ್' ಎಂದಾಗಲೆಲ್ಲ, "ಎಂತ ಅಲ್ಲ ಕಣಯ್ಯ, ಏನು. ಕನ್ನಡ ಮಾತಾಡೋದ್ ಕಲಿ" ಎಂದು ರೇಗಿಸುವವರು. ಅವರಿಗೋ ಅಷ್ಟು ವರ್ಷ ತಿರುವನಂತಪುರದಲ್ಲಿದ್ದೂ ಮಲಯಾಳ ಬಾಯಿಗೆ ಹತ್ತಲಿಲ್ಲ. ಬಸ್ಸಿನಲ್ಲಿ ಇಳಿಯುವ ಜಾಗ ಹೇಳುವಷ್ಟು, ಮೀನು ಬೇಡ ಎನ್ನುವಷ್ಟು, ಅಷ್ಟೇ. ಮನೆಯಲ್ಲಿ ಮಗಳು ಅವರ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು; ಅವರು ಕಿವಿ ಕೇಳದವರ ಹಾಗೆ ಮತ್ತೆ ಕನ್ನಡದಲ್ಲೇ ಕೇಳುತ್ತಿದ್ದರು. ಹೊರಗೆ ಎಲ್ಲ ಕಡೆಗೂ ನಾನು ಅವರ ಬಾಯಿ.

ಕಲ್ಲುಮನಸ್ಸಿನವರು ಎಂದುಕೊಳ್ಳಬೇಡಿ. ನನ್ನ ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ನನಗೆ ಟಿಕೆಟ್ ಸಿಗದೆ ಒದ್ದಾಡುತ್ತಿದ್ದೆ. ಎಲ್ಲಿಂದ ಹೇಗೆ ಮಾಡಿಸಿದರೋ, ಸಂಜೆ ಟಿಕೆಟ್ ಹಿಡಿದು ಸ್ಟೇಷನ್ನಿಗೇ ಬಂದರು. ಡಬ್ಬಿಯೊಳಗೆ ಹತ್ತಿ, ನನ್ನ ಬರ್ತಿನ ಸರಪಳಿಯನ್ನು ಎರಡು ಸಲ ಜಗ್ಗಿ ನೋಡಿ, "ಗಟ್ಟಿ ಇದೆ, ಮಲಕ್ಕೋ" ಎಂದು ಇಳಿದು ಹೋದರು. ಅಂಥವರ ಮಾತು ಮೀರುವುದು ಹೇಗೆ? ಇಪ್ಪತ್ತೆರಡು ವರ್ಷ ಅವರು ಸಹಿ ಮಾಡಿದ ಕಡೆ, ಅದರ ಕೆಳಗಿನ ಗೆರೆಯಲ್ಲಿ, ನನ್ನ ಸಹಿ.

ನಿವೃತ್ತಿಯ ನಂತರ ಅವರು ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರಕ್ಕೆ ಬಂದರು, ಮಗಳು ಅಲ್ಲಿ ಶಾಲೆಯೊಂದರಲ್ಲಿ ಟೀಚರ್. ನನ್ನ ಹೆಂಡತಿಗೆ ಬ್ಯಾಂಕಿನಲ್ಲಿ ಕಲೂರಿನ ಶಾಖೆಗೆ ವರ್ಗವಾದದ್ದರಿಂದ ನಾನೂ ಬೇಗನೆ ನಿವೃತ್ತಿ ತೆಗೆದುಕೊಂಡು ಕೊಚ್ಚಿಯಲ್ಲಿ ತರಕಾರಿ ತರುವ ಕೆಲಸದಲ್ಲಿದ್ದೆ. ಒಂದು ಬೆಳಿಗ್ಗೆ ಫೋನು. "ಏನಯ್ಯ, ಸುಮ್ನೆ ಕೂತ್ಕೊಂಡು ತುಕ್ಕು ಹಿಡೀತಿದೀಯ? ಬಾ. ನಾರಿನ ಕೆಲಸ ಶುರು ಮಾಡ್ತಿದೀನಿ."

ತೆಂಗಿನ ನಾರು ಎಂದರೆ ನನಗೆ ಗೊತ್ತಿದ್ದದ್ದು ಬಾವಿಯ ಹಗ್ಗ ಮತ್ತು ಬಾಗಿಲ ಮುಂದಿನ ಕಾಲೊರಸು. ಅವರ ಲೆಕ್ಕಾಚಾರ ಬೇರೆ ಇತ್ತು. ಗಿಡದ ಅಂಗಡಿಯವರೆಲ್ಲ ಪ್ಲಾಸ್ಟಿಕ್ ಕುಂಡ ಬಿಟ್ಟು ನಾರಿನ ಕುಂಡ ಕೇಳುತ್ತಿದ್ದಾರೆ. ಅದಕ್ಕೆ ತುಂಬಲು ಮಣ್ಣಿನ ಬದಲು ನಾರಿನ ಹುಡಿ. "ನಮ್ಮೂರಲ್ಲಿ ಮಟ್ಟೆ ಅಂದ್ರೆ ಸ್ನಾನದ ಒಲೆಗೆ ಸೌದೆ. ಎಂಥಾ ವಸ್ತುನ ಸುಟ್ವಯ್ಯ ನಾವು!" ಎಂದು ತಲೆಯ ಮೇಲೆ ಕೈಹೊತ್ತುಕೊಂಡರು. ಅವರ ಮಟ್ಟೆ ನಮ್ಮ ಊರಿನಲ್ಲಿ ಸಿಪ್ಪೆ, ಇಲ್ಲಿಯ ಹೆಂಗಸರ ಬಾಯಲ್ಲಿ ತೊಂಡು. ತ್ರಿಪ್ಪುಣಿತ್ತುರದಿಂದ ಆಚೆ ಹಿನ್ನೀರಿನ ದಡದಲ್ಲಿ ಒಂದು ಹಳೆಯ ಶೆಡ್ಡು ಹಿಡಿದರು. ಆ ದಡದಲ್ಲೇ ನಾರು ಬಡಿದು ಬದುಕಿದ ಆರು ಜನ ಹೆಂಗಸರು ಕೆಲಸಕ್ಕೆ ಬಂದರು. ಅವರ ಮುಂದಾಳು ತಂಗಮ್ಮ; ಎಲ್ಲರ ಬಾಯಲ್ಲೂ ಚೇಚಿ, ಅಂದರೆ ಅಕ್ಕ.

ಚೇಚಿಗೆ ಐವತ್ತು ದಾಟಿತ್ತು. ಸಣ್ಣ ಆಳು, ದೊಡ್ಡ ಗಂಟಲು. ಹತ್ತು ವರ್ಷದವಳಿರುವಾಗ ತಾಯಿಯ ಜೊತೆ ನೀರಿಗಿಳಿದು, ನಾರು ಮೆತ್ತಗಾಗಲೆಂದು ಕೆಸರಿನಲ್ಲಿ ಸಿಪ್ಪೆ ಹೂಳಿದವರು. ನಮ್ಮ ಸರ್ ಮೊದಲ ದಿನವೇ ಮರದ ಎರಡು ಉಂಗುರ ಮಾಡಿಸಿಕೊಂಡು ಬಂದರು. ಕುಂಡ ದೊಡ್ಡ ಉಂಗುರದೊಳಗೆ ಇಳಿಯಬೇಕು, ಚಿಕ್ಕದರೊಳಗೆ ಇಳಿಯಬಾರದು. ಇಳಿದರೆ ಕೆಂಪು ಚೀಟಿ. ಹೆಂಗಸರು ಬಿದ್ದು ಬಿದ್ದು ನಕ್ಕರು. "ಸಾರೇ, ನಿಮ್ಮ ದೊಡ್ಡ ಸಾರ್ ಕುಂಡಕ್ಕೆ ಬಳೆ ತೊಡಿಸುತ್ತಿದ್ದಾರೆ. ಮದುವೆ ಯಾವಾಗ?" ಎಂದು ಚೇಚಿ ನನ್ನನ್ನು ಕೇಳಿದರು. ಅದನ್ನು ನಾನು ಅನುವಾದಿಸಲಿಲ್ಲ.

ಈ ಕೆಲಸದಲ್ಲಿ ಒಂದೇ ಒಂದು ಗುಟ್ಟು ಇದ್ದದ್ದು ಉಪ್ಪು. ಬೇಸಿಗೆಯಲ್ಲಿ ಸಮುದ್ರದ ನೀರು ಒಳಗೆ ಬಂದು ಹಿನ್ನೀರು ಉಪ್ಪಾಗುತ್ತದೆ. ಜೂನಿನ ಮಳೆ ಬಿದ್ದ ಮೇಲೆ ಮತ್ತೆ ಸಿಹಿ. ಉಪ್ಪುನೀರಿನಲ್ಲಿ ನೆನೆದ ಸಿಪ್ಪೆಯ ಹುಡಿಯಲ್ಲಿ ಉಪ್ಪು ಕೂತಿರುತ್ತದೆ. ಹಗ್ಗಕ್ಕೆ ಅದರಿಂದ ಏನೂ ತೊಂದರೆಯಿಲ್ಲ. ಗಿಡಕ್ಕೆ ಹಾಕಿದರೆ ಬೇರು ಸುಟ್ಟು ಹೋಗುತ್ತದೆ. ಹಾಗಾಗಿ ಹುಡಿಯನ್ನು ಸಿಹಿನೀರಿನಲ್ಲಿ ಮೂರು ಸಲ ತೊಳೆಯಬೇಕು. ಮೂರು ನೀರು ಎನ್ನುವುದು ಚೇಚಿಯ ಲೆಕ್ಕ. ಪ್ರತಿ ನೀರಿನ ನಂತರ ಒಂದು ಚಿಟಿಕೆ ತೆಗೆದು ನಾಲಗೆಯ ತುದಿಗೆ ಮುಟ್ಟಿಸಿ ಉಗುಳುವರು.

"ನಾಲಿಗೆಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇದೆಯೇನಯ್ಯ? ಕೇಳು" ಎಂದರು ಸರ್. ಪೆನ್ನಿನಂಥ ಒಂದು ಮೀಟರ್ ತರಿಸಿದರು. ಒಂದು ಮಧ್ಯಾಹ್ನ ಹನ್ನೆರಡು ಬಟ್ಟಲಿನಲ್ಲಿ ಹನ್ನೆರಡು ಬಗೆಯ ನೀರಿಟ್ಟು, ಅಡಿಯಲ್ಲಿ ನಂಬರು ಬರೆದು, ಚೇಚಿಯನ್ನು ಕೂರಿಸಿ ಪರೀಕ್ಷೆ ಮಾಡಿದರು. ಚೇಚಿ ಹೆಚ್ಚು ಉಪ್ಪಿನದರಿಂದ ಕಡಿಮೆ ಉಪ್ಪಿನದಕ್ಕೆ ಬಟ್ಟಲುಗಳನ್ನು ಸಾಲಾಗಿ ಜೋಡಿಸಿಟ್ಟರು. ಮೀಟರು ಹಿಡಿದರೆ ಒಂದೂ ತಪ್ಪಿಲ್ಲ. ಸರ್ ಹೊಗಳಲಿಲ್ಲ, ಅದು ಅವರ ಜಾತಕದಲ್ಲೇ ಇರಲಿಲ್ಲ. ಆದರೆ ಆವತ್ತಿನಿಂದ ತಂಗಮ್ಮ ಚೇಚಿಯ ಕೈಯಿಂದ ಬಂದ ಮಾಲಿಗೆ ಉಂಗುರ ಹಾಕುವುದು ಬಿಟ್ಟರು. ನೇರವಾಗಿ ಹಸಿರು ಚೀಟಿ. ಸಂಸ್ಥೆಯಲ್ಲಿ ಆ ಭಾಗ್ಯ ಯಾರಿಗೂ ಸಿಕ್ಕಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಚೇಚಿ ಅದನ್ನು ಊರೆಲ್ಲ ಹೇಳಿಕೊಂಡು ಬಂದರು. "ನನ್ನ ಮಾಲನ್ನು ಸಾರ್ ನೋಡುವುದಿಲ್ಲ" ಎನ್ನುವಾಗ ಆ ಸಣ್ಣ ಆಳು ಒಂದು ಗೇಣು ಎತ್ತರವಾಗುತ್ತಿದ್ದರು.

ಪಾಲಾರಿವಟ್ಟಂನ ಗಿಡದ ಅಂಗಡಿಯೊಂದು ನಮ್ಮ ದೊಡ್ಡ ಗಿರಾಕಿ. ಅದರ ಯಜಮಾನರು ಚೇಚಿಯ ವಿಷಯ ಕೇಳಿ ತಾವೇ ಶೆಡ್ಡಿಗೆ ಬಂದು ನೋಡಿದರು. ಆಮೇಲೆ ಮಾತು ಬೆಳೆಯಿತು. ಆರು ಜನ ಹೆಂಗಸರೂ ಸೇರಿ ತಮ್ಮದೇ ಒಂದು ಘಟಕ ಮಾಡುವುದು, ಚೇಚಿಯ ಹೆಸರಿನಲ್ಲೇ. ಕುಂಡ ನಮ್ಮದು, ಹುಡಿ ಅವರದು, ಎರಡನ್ನೂ ಅಂಗಡಿಯವರು ತೆಗೆದುಕೊಳ್ಳುವುದು. ಚೇಚಿ ಅಂಜುತ್ತ ಬಂದು ಸರ್ ಹತ್ತಿರ ಅನುಮತಿ ಕೇಳಿದರು. "ಮಾಡ್ಲಿ. ಎಷ್ಟು ದಿನ ಇನ್ನೊಬ್ಬರ ಶೆಡ್ಡಲ್ಲಿ ಬಡೀತಾರೆ? ಬೋರ್ಡಲ್ಲಿ ಹೆಸರು ದೊಡ್ಡದಾಗಿ ಬರೆಸೋಕೆ ಹೇಳು" ಎಂದರು ಸರ್. ನಾನು ಮಲಯಾಳದಲ್ಲಿ ಹೇಳಿದೆ. ಚೇಚಿ ಹೆಗಲ ಮೇಲಿನ ತೋರ್ತು ಟವಲಿನಿಂದ ಮುಖ ಒರೆಸಿಕೊಂಡರು.

ಅದು ಮೇ ತಿಂಗಳು. ಮಳೆಗೆ ಸಸಿ ಸಿದ್ಧವಾಗಬೇಕೆಂದು ಅಂಗಡಿಯವರು ದೊಡ್ಡ ಲಾಟು ಕೇಳಿದ್ದರು. ಇಂಥ ದಿನ ಕೊಡುತ್ತೇನೆಂದು ಸರ್ ಬರೆದುಕೊಟ್ಟಿದ್ದರು. ಅಷ್ಟರಲ್ಲಿ ರಸ್ತೆ ಅಗೆಯುವವರು ನೀರಿನ ಪೈಪು ಒಡೆದು ಹಾಕಿದರು. ಬಾವಿಯ ನೀರಂತೂ ಆ ತಿಂಗಳು ಬಾಯಿಗಿಡುವ ಹಾಗಿಲ್ಲ. ಟ್ಯಾಂಕರು ಒಂದು ಬಂತು, ಇನ್ನೊಂದು ಇವತ್ತು ನಾಳೆ ಎಂದು ಬರಲೇ ಇಲ್ಲ. ಹುಡಿಗೆ ಒಂದು ನೀರು ಆಯಿತು. ಎರಡನೆಯದಕ್ಕೆ ನೀರಿಲ್ಲ.

ಚೇಚಿ ಚಿಟಿಕೆ ಹುಡಿಯನ್ನು ನಾಲಗೆಗೆ ಮುಟ್ಟಿಸಿ ಉಗುಳಿ, "ಉಪ್ಪುಂಡು ಸಾರೇ" ಎಂದರು. ಅದಕ್ಕೆ ಅನುವಾದ ಬೇಕಿರಲಿಲ್ಲ. "ಹದಿನೈದು ದಿನ ಬಿಡಿ. ಮಳೆ ಬರುತ್ತದಲ್ಲ, ರಾಶಿ ಹೊರಗೆ ಹರಡಿದರೆ ಆಕಾಶವೇ ತೊಳೆದು ಕೊಡುತ್ತದೆ." ನಾನು ಮೀಟರು ಹಿಡಿದೆ. ಸರ್ ತಾವೇ ಗೋಡೆಯ ಮೇಲೆ ಬರೆಸಿದ್ದ ಮಿತಿಗಿಂತ ಎರಡು ಪಟ್ಟು ಮೇಲೆ ಇತ್ತು. ಹೇಳಿದೆ.

ಸರ್ ಗೋಡೆಯ ಕ್ಯಾಲೆಂಡರ್ ನೋಡಿದರು. ನನಗೆ ಈಗ ಅರ್ಥವಾಗುತ್ತದೆ. ತಪ್ಪು ಮಾಲು ಬಿಡುವುದು ಹೇಗೆ ಅವರಿಂದ ಆಗದೋ, ಬರೆದುಕೊಟ್ಟ ದಿನ ತಪ್ಪಿಸುವುದೂ ಹಾಗೆಯೇ ಆಗದು. ಸಂಸ್ಥೆಯಲ್ಲಿ ತಾರೀಕಿನ ತಲೆನೋವು ಬೇರೆಯವರದಾಗಿತ್ತು, ಇವರು ತಡೆದು ಕೂತರೆ ಸಾಕಿತ್ತು. ಇಲ್ಲಿ ಎರಡೂ ಇವರ ತಲೆಯ ಮೇಲೆ ಬಂತು. ಅಂಗಡಿಯವರಿಗೆ ಒಂದು ಫೋನು ಮಾಡಿ ಹದಿನೈದು ದಿನ ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದು ಅವರ ಬಾಯಿಗೆ ಬರಲಿಲ್ಲ. ಪ್ರತಿ ಲಾಟಿಗೂ ಒಂದು ಹಳದಿ ಕಾರ್ಡು ಇರುತ್ತಿತ್ತು. ಅದನ್ನು ತೆಗೆದು, 'ಒಂದು ತೊಳೆತ. ವಿನಾಯಿತಿಯ ಮೇಲೆ ಒಪ್ಪಿದೆ' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. "ಈ ಲಾಟ್ ಒಂದಕ್ಕೆ ಕಣಯ್ಯ" ಎಂದರು, ನನ್ನ ಮುಖ ನೋಡದೆ. ಕೆಳಗಿನ ಗೆರೆಯಲ್ಲಿ ನಾನೂ ಹಾಕಿದೆ. ನನಗೆ ಒಳಗೊಳಗೇ ಖುಷಿಯಾಗಿತ್ತು ಎಂದರೆ ನೀವು ನಂಬಬೇಕು. ಅಬ್ಬ, ಈ ಮನುಷ್ಯನೂ ಕೊನೆಗೆ ನಮ್ಮ ಹಾಗೆ ಆದರಲ್ಲ ಎಂದು.

ಚೇಚಿ ಲಾರಿಗೆ ಮಾಲು ಏರಿಸಲು ಕೈಹಾಕಲಿಲ್ಲ. ಉಳಿದವರು ಏರಿಸಿದರು.

ಮೂರು ವಾರ ಕಳೆದು ಅಂಗಡಿಯ ಯಜಮಾನರು ಬಂದರು. ಕೈಯಲ್ಲಿ ಒಂದು ತಟ್ಟೆ, ಅದರ ತುಂಬ ಮೆಣಸಿನ, ಬದನೆಯ ಸಸಿಗಳು. ಎಲೆಯ ಅಂಚು ಸುಟ್ಟ ಹಾಗೆ ಕಂದಾಗಿ ಸತ್ತಿದ್ದವು. ಆ ಪುಣ್ಯಾತ್ಮ ಬೈಯಲೂ ಇಲ್ಲ. "ನನ್ನನ್ನು ನಂಬಿ ತೆಗೆದುಕೊಂಡು ಹೋದವರಿಗೆ ನಾನು ಉತ್ತರ ಹೇಳಬೇಕು. ಏನಾಯಿತು ಎಂದು ಬರೆದುಕೊಡಿ" ಎಂದು ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಹೋದರು.

ಸರ್ ಆ ಲಾಟಿನ ಹಳದಿ ಕಾರ್ಡು ತೆಗೆದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಎದುರಿಗೇ ಇದ್ದೆ. ನಾನು ನೋಡಿದೆ ಎಂದು ಅವರಿಗೆ ಗೊತ್ತು, ಅವರಿಗೆ ಗೊತ್ತು ಎಂದು ನನಗೆ ಗೊತ್ತು.

ಎರಡು ದಿನದಲ್ಲಿ ವರದಿ ತಯಾರಾಯಿತು. ಮೂರು ಹಾಳೆ, ಸಂಸ್ಥೆಯ ಮಾದರಿಯಲ್ಲೇ, ಅಂಚು ಬಿಟ್ಟು, ಅಂಕಿ ಹಾಕಿ. ಮೂಲ ಕಾರಣ: ನಿಗದಿಯಾದ ಮೂರು ತೊಳೆತಗಳಲ್ಲಿ ಎರಡನ್ನು ತಂಗಮ್ಮ ಮತ್ತು ಸಂಗಡಿಗರು ತಿಳಿಸದೆ ಕೈಬಿಟ್ಟಿದ್ದಾರೆ. ಕೈಗೊಂಡ ಕ್ರಮ: ಸದರಿ ಗುಂಪನ್ನು ಕೆಲಸದಿಂದ ಬಿಡಿಸಲಾಗಿದೆ. ತಯಾರಿಸಿದವರು ಎಂಬಲ್ಲಿ ಅವರ ಸಹಿ. ಪರಿಶೀಲಿಸಿದವರು ಎಂಬಲ್ಲಿ ಖಾಲಿ. ಹಾಳೆಗಳನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟು, "ಹಾಕಯ್ಯ" ಎಂದರು. ಹಾಕಿದೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು ಎಂದು ನನ್ನ ಹೆಂಡತಿಗೆ ಹೇಳಿದ್ದೇನೆ.

ಶೆಡ್ಡಿನ ಹೊರಗೆ ಚೇಚಿ ನಿಂತಿದ್ದರು. "ಎಂತ ಬರೆದರು ಸಾರೇ?" ಎಂದು ಕೇಳಿದರು. "ಏನೂ ಇಲ್ಲ ಚೇಚಿ, ಕಂಪನಿಯ ಒಳಗಿನ ವಿಷಯ" ಎಂದೆ. ಆಕೆಗೆ ನಿಜ ತಿಳಿದದ್ದು ಪಾಲಾರಿವಟ್ಟಂನಲ್ಲಿ, ತನ್ನ ಘಟಕದ ಮಾತು ಮುಂದುವರಿಸಲು ಹೋದಾಗ. ತೊಳೆಯದೆ ತೊಳೆದೆವು ಎನ್ನುವವರ ಜೊತೆ ವ್ಯವಹಾರ ಬೇಡ ಎಂದರಂತೆ. ಮಾತು ಅಲ್ಲಿಗೆ ನಿಲ್ಲುತ್ತದೆಯೇ? ಹಿನ್ನೀರಿನ ಆ ದಡದಿಂದ ಈ ದಡದವರೆಗೆ, ಹಗ್ಗದವರು, ಚಾಪೆಯವರು, ಎಲ್ಲರ ಬಾಯಲ್ಲೂ ಅದೇ. ಚೇಚಿ ಮರುದಿನ ಶೆಡ್ಡಿಗೆ ಬಂದರು. ಕಿರುಚುತ್ತಾರೆ ಎಂದುಕೊಂಡಿದ್ದೆ. ಇಲ್ಲ. "ಉಪ್ಪುಂಡು ಎಂದು ನಾನು ಹೇಳಲಿಲ್ಲವಾ? ಅಷ್ಟನ್ನು ಮಾತ್ರ ಅಂಗಡಿಯವರಿಗೆ ಹೇಳಿ. ಬೇರೇನೂ ಬೇಡ" ಎಂದರು. ಸರ್ ತಲೆ ಎತ್ತದೆ, "ದಾಖಲೆಯಲ್ಲಿ ಏನಿದೆಯೋ ಅದೇ ಅಂತ ಹೇಳು" ಎಂದರು. ಆ ಮಾತನ್ನೂ ಮಲಯಾಳಕ್ಕೆ ತಿರುಗಿಸಿ ಚೇಚಿಯ ಮುಖಕ್ಕೆ ಹೇಳಿದವನು ನಾನೇ.

ಆಕೆಯ ಘಟಕ ತಪ್ಪಿಸಲು ಅವರು ಬೇಕೆಂದೇ ಹೀಗೆ ಮಾಡಿದರಾ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅಲ್ಲ. ಅಷ್ಟು ಯೋಚನೆ ಮಾಡಿದ್ದರೆ ಕ್ಷಮಿಸುವುದು ಸುಲಭವಿತ್ತೇನೋ. ತಮ್ಮ ಹೆಸರಿನ ಪಕ್ಕದಲ್ಲಿ ಒಂದು ತಪ್ಪು ಕೂತಿರುವುದನ್ನು ಅವರಿಂದ ನೋಡಲಾಗಲಿಲ್ಲ, ಅಷ್ಟೇ. ಅದನ್ನು ಎತ್ತಿ, ಹತ್ತಿರದಲ್ಲಿ ಯಾರಿದ್ದರೋ ಅವರ ಹೆಸರಿನ ಪಕ್ಕ ಇಟ್ಟರು. ಚೇಚಿ ಹೋದ ಮೇಲೆ ಶೆಡ್ಡು ವರ್ಷ ತುಂಬುವುದರೊಳಗೆ ಮುಚ್ಚಿತು. ಹೊಸ ಹೆಂಗಸರ ಒಂದೊಂದು ಕುಂಡಕ್ಕೂ ಉಂಗುರ ತೊಡಿಸಿ ಅರ್ಧಕ್ಕರ್ಧ ವಾಪಸು ಕಳಿಸುತ್ತಿದ್ದರು. ಯಾರು ನಿಲ್ಲುತ್ತಾರೆ?

ಅವರು ಕಾಯಿಲೆ ಬಿದ್ದರು ಎಂದು ಕೇಳಿ ತ್ರಿಪ್ಪುಣಿತ್ತುರಕ್ಕೆ ಹೋದೆ. ಬರಿಗೈಯಲ್ಲಿ ಹೋಗಲಿಲ್ಲ, ಅಂಗಡಿಯವರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದು ಕೊಂಡುಹೋಗಿದ್ದೆ. ಆ ಲಾಟನ್ನು ಬಿಟ್ಟದ್ದು ಇವರ ತೀರ್ಮಾನ, ತಂಗಮ್ಮ ಮೊದಲೇ ಎಚ್ಚರಿಸಿದ್ದರು, ಇಷ್ಟೇ. ದಿಂಬಿಗೆ ಒರಗಿ ಕೂತಿದ್ದರು, ಎಲುಬಿನ ಹಂದರದ ಹಾಗೆ ಆಗಿದ್ದರು. ನನ್ನನ್ನು ಕಂಡು ನಿಜಕ್ಕೂ ಸಂತೋಷಪಟ್ಟರು. ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಮಂಚದ ಪಕ್ಕದಿಂದ ಕೆಂಪು ಪೆನ್ನು ತೆಗೆದುಕೊಂಡರು. ಸಹಿ ಹಾಕುತ್ತಾರೆ ಎಂದುಕೊಂಡೆ.

ತಿದ್ದಿದರು ಮಾರಾಯರೇ! ಒಂದು ಕಡೆ ಅಲ್ಪವಿರಾಮ ಹಾಕಿದರು. 'ದುರದೃಷ್ಟವಶಾತ್' ಎಂಬ ಮಾತಿಗೆ ಅಡ್ಡಗೆರೆ ಎಳೆದು, "ರಿಪೋರ್ಟಲ್ಲಿ ಭಾವನೆ ಬೇಡ" ಎಂದರು. ಮೂರನೆಯ ಸಾಲಿನಲ್ಲಿ ಕಾಲ ತಪ್ಪಿತ್ತು, ಸರಿಮಾಡಿದರು. ಮಡಚಿ ವಾಪಸು ಕೊಟ್ಟು, "ಚೆನ್ನಾಗಿ ಬರ್ದಿದೀಯ. ಆದ್ರೆ ದಾಖಲೆ ಎಲ್ಲಿ? ಕಾರ್ಡ್ ಎಲ್ಲಿ?" ಎಂದರು.

"ನೀವು ಜೇಬಿಗೆ ಹಾಕಿಕೊಂಡಿರಿ ಸರ್. ನಾನು ನೋಡಿದ್ದೇನೆ" ಎಂದೆ. ಅವರೆದುರು ನಾನು ಸ್ವರ ಎತ್ತಿದ್ದು ಅದೇ ಮೊದಲು.

ಅವರು ಕಣ್ಣು ಮುಚ್ಚಿಕೊಂಡರು. "ದಾಖಲೆ ಇಲ್ಲದ್ದಕ್ಕೆ ನಾನು ಯಾವತ್ತಾದ್ರೂ ಸಹಿ ಹಾಕಿದ್ದು ನೋಡಿದೀಯೇನಯ್ಯ?" ಎಂದು ನಿಧಾನವಾಗಿ ಕೇಳಿದರು. ಅಷ್ಟರಲ್ಲಿ ಅವರ ಮನೆಯವರು ಕಾಫಿ ತಂದರು. ಕುಡಿದು ಎದ್ದೆ. ಮೆಟ್ರೋದಲ್ಲಿ ಕಲೂರಿನವರೆಗೆ ಆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದೆ. ಸಾಯುವ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರಬಾರದು. ಬಂತು. ಈಗಲೂ ಇದೆ.

ಅವರ ಹನ್ನೆರಡನೆಯ ದಿನ ಕಳೆದ ಮೇಲೆ ಪತ್ರವನ್ನು ಹೊಸದಾಗಿ ಬರೆದು, ನಾನೊಬ್ಬನೇ ಸಹಿ ಮಾಡಿ ಪಾಲಾರಿವಟ್ಟಂಗೆ ಹೋದೆ. ಅಂಗಡಿ ಈಗ ಮಗನ ಕೈಯಲ್ಲಿ. ಒಳ್ಳೆಯ ಹುಡುಗ, ಕೂರಿಸಿ ಟೀ ಕೊಟ್ಟ, ಪತ್ರ ಓದಿದ. "ಯಾವ ತಂಗಮ್ಮ ಅಂಕಲ್?" ಎಂದ. ಹುಡಿ ಈಗ ಪೊಳ್ಳಾಚಿಯಿಂದ ಲಾರಿಯಲ್ಲಿ ಬರುತ್ತದಂತೆ. ಇಲ್ಲಿನ ಹೆಂಗಸರ ಮಾಲು ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಕೇಳಿದೆ. "ಅವರು ಸರಿಯಾಗಿ ತೊಳೆಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು" ಎಂದ. ಹೆಸರು ಮರೆತು ಹೋಗಿದೆ, ಕಳಂಕ ಮಾತ್ರ ಉಳಿದಿದೆ.

ಅಲ್ಲಿಂದ ಚೇಚಿಯನ್ನು ಹುಡುಕಿಕೊಂಡು ಹೋದೆ. ಈಗ ಸಿಗಡಿ ಸುಲಿಯುವ ಶೆಡ್ಡೊಂದರಲ್ಲಿ ಕೆಲಸ. ಊಟದ ಹೊತ್ತು, ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ತಣ್ಣೀರಿನಲ್ಲೇ ಇದ್ದು ಬೆರಳುಗಳ ಚರ್ಮ ಬಿಳಿಚಿಕೊಂಡಿತ್ತು. ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. "ದೊಡ್ಡ ಸಾರ್ ಹೋದರಂತೆ" ಎಂದರು. ಹೌದು ಎಂದೆ. ಪತ್ರವನ್ನು ಸಾಲು ಸಾಲಾಗಿ ಮಲಯಾಳದಲ್ಲಿ ಹೇಳಿದೆ. ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿ, ಪತ್ರವನ್ನು ಕೈಗೆ ತೆಗೆದುಕೊಂಡರು.

"ನಾವು ಹೇಳಿದ್ದು ಇದೆ. ಸಾರ್ ಕೇಳದೆ ಕಳಿಸಿದ್ದೂ ಇದೆ" ಎಂದರು. "ಆ ಕಾಗದವನ್ನು ಅಂಗಡಿಯವರು ನನಗೆ ತೋರಿಸಿದ್ದರು ಸಾರೇ. ಇಂಗ್ಲಿಷ್ ನನಗೆ ಬರುವುದಿಲ್ಲ. ಆದರೆ ಕೆಳಗೆ ಎರಡು ಸಹಿ ಇತ್ತು. ಎರಡನೆಯದು ನಿಮ್ಮದು, ಹಳದಿ ಕಾರ್ಡಿನಲ್ಲಿ ಎಷ್ಟು ಸಲ ನೋಡಿದ್ದೇನೆ. ಅದರ ಮಾತು ಇದರಲ್ಲಿ ಬರಲಿಲ್ಲವಲ್ಲ?"

ಚೇಚಿಯೇ ಮುಂದುವರಿಸಿದರು. "ಓದದೆ ಹಾಕಿದಿರಾ? ದೊಡ್ಡವರು ಹಾಕು ಅಂದರು, ನೀವು ಹಾಕಿದಿರಿ. ಹಾಗೆ ಆಗುತ್ತದೆ." ಆ ಸ್ವರದಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ನನಗೊಂದು ದಾರಿ ಮಾಡಿಕೊಡುತ್ತಿದ್ದರು. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಹೆಂಡತಿಗೆ ಹೇಳಿದ್ದೂ ಅದನ್ನೇ, ನನಗೆ ನಾನೇ ಹೇಳಿಕೊಂಡದ್ದೂ ಅದನ್ನೇ.

"ಓದಿದ್ದೆ ಚೇಚಿ" ಎಂದೆ. "ಎರಡು ಸಲ ಓದಿದ್ದೆ. ಮೀಟರು ಹಿಡಿದವನು ನಾನು, ಕಾರ್ಡಿನಲ್ಲಿ ಸಹಿ ಮಾಡಿದವನೂ ನಾನು. ನಿಮ್ಮ ಹೆಸರು ಬರದಿದ್ದರೆ ಅಲ್ಲಿ ನನ್ನ ಹೆಸರು ಬರುತ್ತಿತ್ತು."

ಒಳಗಿನಿಂದ ಯಾರೋ ಕರೆದರು. ಚೇಚಿ ಡಬ್ಬಿ ಮುಚ್ಚಿ ಎದ್ದರು. ಪತ್ರವನ್ನು ನನ್ನ ಕೈಗೇ ಹಿಂದಕ್ಕೆ ಕೊಟ್ಟರು.

"ಹಾಗಾದರೆ ಸತ್ತವರ ತಪ್ಪನ್ನು ಯಾಕೆ ತಂದಿರಿ ಸಾರೇ? ನಿಮ್ಮದನ್ನು ಬರೆದು ತನ್ನಿ" ಎಂದು ಹೇಳಿ ಒಳಗೆ ಹೋದರು.